ಎರಡು ಹೊಳೆ, ಹಲವು ಗುರಿ

ಭಟ್ಕಳದಿಂದ ಕುಮಟೆಗೆ ಹಗಲು ಹೊತ್ತಿನಲ್ಲಿ ಕೊಂಕಣ ರೈಲಿನಲ್ಲಿ ಹೋಗಿದ್ದೀರಾ? ಹೋಗಿಲ್ಲವಾದರೆ ಒಮ್ಮೆ ಹೋಗಿ ಬನ್ನಿ. ಎಡಕ್ಕೆ ಕಡಲು, ಬಲಕ್ಕೆ ಘಟ್ಟ. ಹೊನ್ನಾವರದ ಬಳಿ ಬಂಡಿ 2 ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ಹಾಯುತ್ತದೆ. ಕೆಳಗೆ ಹರಿಯುವುದು ಶರಾವತಿ. ಇನ್ನೂ ಮುಂದೆ, ಕುಮಟಾ ದಾಟಿದ ಮೇಲೆ ಮತ್ತೊಂದು ಹೊಳೆ ಸಿಗುತ್ತದೆ. ಅದು ಅಘನಾಶಿನಿ. ಎರಡೂ ಘಟ್ಟದ ಮೇಲೆ ಹುಟ್ಟಿ, ಸುಮಾರು 120 ಕಿಲೋಮೀಟರು ಹರಿದು, ಒಂದೇ ಕಡಲನ್ನು ಸೇರುವ ಅಕ್ಕತಂಗಿಯರು. ಆದರೆ ಅಕ್ಕನಿಗೆ ಅಣೆಕಟ್ಟುಗಳಿವೆ, ತಂಗಿಗೆ ಇಲ್ಲ.

ಚಿತ್ರೀಕರಣದ ನಿಮಿತ್ತ ಈ ದಾರಿಯಲ್ಲಿ ಹಲವು ಸಲ ಓಡಾಡಿದವನು ನಾನು. ಓದಿದ್ದು ವಿಜ್ಞಾನ, ಹೊಟ್ಟೆಪಾಡಿಗೆ ಹಿಡಿದದ್ದು ದೂರದರ್ಶನ. ಆದ್ದರಿಂದ ಸೇತುವೆಯ ಮೇಲೆ ಕುಳಿತಾಗ ನನ್ನ ತಲೆಯಲ್ಲಿ ಓಡುವುದು ಒಂದು ಲೆಕ್ಕ. ಒಂದು ಹೊಳೆಯಿಂದ ನಮಗೆ ಬೇಕಾದ್ದು ಏನು? ವಿದ್ಯುತ್ತು ಬೇಕು, ಬೇಸಾಯಕ್ಕೆ ನೀರು ಬೇಕು, ಮೀನು ಬೇಕು, ನೆರೆ ಬರಬಾರದು, ಕಾಡು ಮುಳುಗಬಾರದು. ಇವೆಲ್ಲವೂ ಒಟ್ಟಿಗೆ ಗರಿಷ್ಠವಾಗಿ ಸಿಗುವಂತಿದ್ದರೆ ಜಗಳವೇ ಇರುತ್ತಿರಲಿಲ್ಲ. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುತ್ತದೆ. ಇಂಥ ಸಮಸ್ಯೆಗಳನ್ನು ಗಣಿತಜ್ಞರು ‘ಬಹು ಗುರಿಗಳ ಸಮಸ್ಯೆ’ ಎಂದು ಕರೆಯುತ್ತಾರೆ. ಇವನ್ನು ಬಿಡಿಸಲು ಕಳೆದ ಕೆಲವು ದಶಕಗಳಲ್ಲಿ ಕಂಪ್ಯೂಟರ್ ವಿಜ್ಞಾನಿಗಳು ಆಶ್ರಯಿಸಿದ್ದು ಡಾರ್ವಿನ್ ಹೇಳಿದ ಜೀವವಿಕಾಸದ ದಾರಿಯನ್ನು. ಆ ದಾರಿಯ ಚರಿತ್ರೆಯನ್ನು ಈ ಎರಡು ಹೊಳೆಗಳ ದಡದಲ್ಲಿ ನಿಂತು ನಿಮಗೆ ಹೇಳಬೇಕೆಂದಿದ್ದೇನೆ.

ಗಜನಿಯ ಗದ್ದೆಯಲ್ಲಿ

ಮೊದಲು ಕುಮಟೆಯ ಕಡೆಗೆ ಹೋಗೋಣ. ಅಘನಾಶಿನಿಯ ಅಳಿವೆಯ ದಂಡೆಯಲ್ಲಿ ಮಾಣಿಕಟ್ಟಾ ಮೊದಲಾದ ಊರುಗಳಿವೆ. ಅಲ್ಲಿನ ತಗ್ಗು ಭೂಮಿಗೆ ಗಜನಿ ಎಂದು ಹೆಸರು. ಉಬ್ಬರದ ಉಪ್ಪುನೀರು ನುಗ್ಗುವ ಈ ಭೂಮಿಯಲ್ಲಿ ಸಾಮಾನ್ಯ ಭತ್ತ ಬದುಕುವುದಿಲ್ಲ. ಆದರೆ ಕಗ್ಗ ಎಂಬ ಭತ್ತ ಬದುಕುತ್ತದೆ. ಮಳೆಗಾಲದ ನೀರು ನೆಲದ ಉಪ್ಪನ್ನು ತೊಳೆಯುವ ಹೊತ್ತಿಗೆ ಮೊಳಕೆ ಬಂದ ಬೀಜವನ್ನು ಎರಚುತ್ತಾರೆ. ಗದ್ದೆ ಕೆಲವು ದಿನ ನೀರಿನಲ್ಲಿ ಮುಳುಗಿದರೂ ಪೈರು ಸಾಯುವುದಿಲ್ಲ. ಗೊಬ್ಬರ ಬೇಡ. ಕುಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ.

ಕಗ್ಗವನ್ನು ಯಾವ ಪ್ರಯೋಗಶಾಲೆಯೂ ತಯಾರಿಸಿದ್ದಲ್ಲ. ಪ್ರತಿ ವರ್ಷ ಉಪ್ಪು ಒಂದಿಷ್ಟು ಗಿಡಗಳನ್ನು ಕೊಂದಿತು, ನೆರೆ ಒಂದಿಷ್ಟನ್ನು ಕೊಂದಿತು. ಉಳಿದ ಪೈರಿನಲ್ಲಿ ಒಳ್ಳೆಯ ತೆನೆಯನ್ನು ರೈತರು ಬೀಜಕ್ಕೆಂದು ತೆಗೆದಿಟ್ಟರು. ಮರುವರ್ಷ ಮತ್ತೆ ಅದೇ ಪರೀಕ್ಷೆ. ತಲೆಮಾರುಗಳು ಉರುಳಿದಂತೆ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಅನ್ನವನ್ನೂ ಕೊಡುವ ತಳಿ ನೆಲೆನಿಂತಿತು. ಇಳುವರಿಯೊಂದನ್ನೇ ಅಳೆದರೆ ಕಗ್ಗ ಹೈಬ್ರಿಡ್ ಭತ್ತದ ಮುಂದೆ ಸೋಲುತ್ತದೆ. ಆದರೆ ಆ ಹೈಬ್ರಿಡ್ ಭತ್ತವನ್ನು ಗಜನಿಯಲ್ಲಿ ಬಿತ್ತಿದರೆ ಬೆಳೆಯೇ ಕೈಗೆ ಬರುವುದಿಲ್ಲ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಒಂದು, ಗದ್ದೆಯ ಗಿಡಗಳೆಲ್ಲ ಒಂದೇ ತರಹ ಇರಲಿಲ್ಲ, ಅವುಗಳಲ್ಲಿ ವೈವಿಧ್ಯವಿತ್ತು. ಎರಡು, ಕಷ್ಟಕ್ಕೆ ಒಗ್ಗಿದವು ಉಳಿದವು. ಮೂರು, ಉಳಿದವುಗಳ ಗುಣ ಮುಂದಿನ ಪೀಳಿಗೆಗೆ ಇಳಿಯಿತು. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಗ್ರಂಥದಲ್ಲಿ ವಿವರಿಸಿದ್ದು ಇದನ್ನೇ. ಅವನು ಗ್ರಂಥವನ್ನು ಆರಂಭಿಸಿದ್ದು ಕೂಡ ರೈತರು ಮತ್ತು ಪಾರಿವಾಳ ಸಾಕುವವರು ತಳಿ ಆಯ್ದುಕೊಳ್ಳುವ ಬಗೆಯಿಂದ.

ಗಾಳಿಯ ಸುರಂಗದಿಂದ ಕಂಪ್ಯೂಟರಿಗೆ

ಡಾರ್ವಿನ್ನನ ಈ ಸೂತ್ರವನ್ನು ಯಂತ್ರಗಳ ವಿನ್ಯಾಸಕ್ಕೆ ಬಳಸಿದರೆ ಹೇಗೆ? 1960ರ ದಶಕದಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಇಂಗೋ ರೆಖೆನ್‌ಬರ್ಗ್ ಮತ್ತು ಹಾನ್ಸ್ ಪೌಲ್ ಶ್ವೆಫೆಲ್ ಇದನ್ನು ಪ್ರಯತ್ನಿಸಿದರು. ಕೀಲುಗಳಿಂದ ಜೋಡಿಸಿದ ತಗಡೊಂದನ್ನು ಗಾಳಿಯ ಸುರಂಗದಲ್ಲಿಟ್ಟು, ಕೀಲುಗಳ ಕೋನವನ್ನು ಮನಬಂದಂತೆ ಸ್ವಲ್ಪ ಬದಲಿಸುವುದು, ಗಾಳಿಯ ತಡೆ ಕಡಿಮೆಯಾದರೆ ಹೊಸ ಆಕಾರವನ್ನು ಇಟ್ಟುಕೊಳ್ಳುವುದು, ಹೆಚ್ಚಾದರೆ ಹಳೆಯದಕ್ಕೆ ಮರಳುವುದು. ಹೀಗೆ ಮಾಡುತ್ತಾ ಹೋದಾಗ ತಗಡು ತಾನಾಗಿ ಒಳ್ಳೆಯ ಆಕಾರಕ್ಕೆ ಬಂದಿತು. ಅತ್ತ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಾನ್ ಹಾಲಂಡ್ ಇದೇ ಮಾತನ್ನು ಕಂಪ್ಯೂಟರಿನ ಭಾಷೆಗೆ ತಂದರು. 1975ರಲ್ಲಿ ಅವರ ಪುಸ್ತಕ ಹೊರಬಂದಿತು. ಉತ್ತರಗಳನ್ನು ಅಂಕೆಗಳ ಸರಪಣಿಯಾಗಿ ಬರೆದು, ಒಳ್ಳೆಯ ಎರಡು ಸರಪಣಿಗಳನ್ನು ಕತ್ತರಿಸಿ ಅದಲುಬದಲು ಮಾಡಿ ‘ಮರಿ’ ಉತ್ತರಗಳನ್ನು ಪಡೆಯುವ ಕ್ರಮ ಅದು. ಇದಕ್ಕೆ ಜೆನೆಟಿಕ್ ಆಲ್ಗಾರಿದಂ ಎಂದು ಹೆಸರಾಯಿತು. ಆಲ್ಗಾರಿದಂ ಎಂದರೆ ಬೇರೇನಲ್ಲ, ಹಂತ ಹಂತವಾಗಿ ಲೆಕ್ಕ ಮಾಡುವ ಕ್ರಮ.

ಆದರೆ ಈ ಮೊದಲ ಪ್ರಯತ್ನಗಳಲ್ಲಿ ಗುರಿ ಒಂದೇ ಆಗಿತ್ತು. ಗಾಳಿಯ ತಡೆ ಕಡಿಮೆಯಾಗಬೇಕು, ಅಷ್ಟೇ. ಗುರಿಗಳು ಎರಡಾದ ಕೂಡಲೇ ಕಷ್ಟ ಆರಂಭವಾಗುತ್ತದೆ. ‘ಒಳ್ಳೆಯದು’ ಎಂದರೆ ಯಾವುದು?

ಪರೇಟೋನ ಮಾತು

ಇದಕ್ಕೆ ಉತ್ತರ ಸಿಕ್ಕಿದ್ದು ಕಂಪ್ಯೂಟರುಗಳಿಗಿಂತ ಬಹಳ ಹಿಂದೆ, ಅರ್ಥಶಾಸ್ತ್ರದಲ್ಲಿ. ಇಟಲಿಯ ವಿಲ್‌ಫ್ರೆಡೋ ಪರೇಟೋ (1848–1923) ವೃತ್ತಿಜೀವನವನ್ನು ಆರಂಭಿಸಿದ್ದು ರೈಲ್ವೆ ಕಂಪನಿಯಲ್ಲಿ ಇಂಜಿನಿಯರಾಗಿ. ಮುಂದೆ ಅರ್ಥಶಾಸ್ತ್ರಜ್ಞನಾಗಿ 1906ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ವಿಚಾರವನ್ನು ಮುಂದಿಟ್ಟ. ಅದನ್ನು ನಮ್ಮ ಶರಾವತಿಗೆ ಹೊಂದಿಸಿ ನೋಡೋಣ.

ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಅದರ ಪೂರ್ಣ ಮಟ್ಟ 1,819 ಅಡಿ, ಹಿಡಿಯುವ ನೀರು ಸುಮಾರು 151 ಟಿಎಂಸಿ. ಆಗಸ್ಟ್ ತಿಂಗಳಲ್ಲಿ ಅಧಿಕಾರಿಯ ಮುಂದೆ ಎರಡು ಚಿಂತೆಗಳಿರುತ್ತವೆ. ಜಲಾಶಯ ತುಂಬಿಸಿಟ್ಟುಕೊಂಡರೆ ಬೇಸಗೆಯಲ್ಲಿ ವಿದ್ಯುತ್ತಿಗೆ ಕೊರತೆಯಿಲ್ಲ. ಆದರೆ ತುಂಬಿದ ಜಲಾಶಯಕ್ಕೆ ಮತ್ತೊಂದು ದೊಡ್ಡ ಮಳೆ ಬಿದ್ದರೆ ಗೇಟು ತೆರೆಯಲೇಬೇಕು. ಆಗ ಹೊನ್ನಾವರದ ಕಡೆ ಹೊಳೆದಂಡೆಯ ತಗ್ಗಿನ ಮನೆ ತೋಟಗಳಿಗೆ ನೀರು ನುಗ್ಗುತ್ತದೆ. ಒಂದಿಷ್ಟು ಜಾಗ ಖಾಲಿ ಬಿಟ್ಟರೆ ನೆರೆಯ ಭಯ ಕಡಿಮೆ, ಆದರೆ ಮಳೆ ಕೈಕೊಟ್ಟರೆ ಬೇಸಗೆಯಲ್ಲಿ ಕತ್ತಲೆ.

ತಿಳಿಯುವುದಕ್ಕಾಗಿ ನಾವೇ ಮೂರು ನೀತಿಗಳನ್ನು ಕಲ್ಪಿಸಿಕೊಳ್ಳೋಣ. ‘ಕ’ ನೀತಿಗೆ ವಿದ್ಯುತ್ತಿನಲ್ಲಿ 90 ಅಂಕ, ನೆರೆಯ ರಕ್ಷಣೆಯಲ್ಲಿ 30. ‘ಖ’ ನೀತಿಗೆ ವಿದ್ಯುತ್ತಿನಲ್ಲಿ 70, ರಕ್ಷಣೆಯಲ್ಲಿ 60. ‘ಗ’ ನೀತಿಗೆ 65 ಮತ್ತು 55. ಇವುಗಳಲ್ಲಿ ‘ಗ’ವನ್ನು ಧೈರ್ಯವಾಗಿ ಬಿಸಾಡಬಹುದು. ಎರಡರಲ್ಲೂ ಅದಕ್ಕಿಂತ ‘ಖ’ ಮೇಲು. ಆದರೆ ‘ಕ’ ಮತ್ತು ‘ಖ’ಗಳಲ್ಲಿ ಯಾವುದು ಮೇಲೆಂದು ಗಣಿತ ಹೇಳಲಾರದು. ಒಂದರ ಲಾಭ ಇನ್ನೊಂದರ ನಷ್ಟ. ಹೀಗೆ ಬೇರಾವುದರಿಂದಲೂ ಪೂರ್ತಿಯಾಗಿ ಸೋಲದ ಉತ್ತರಗಳ ಸಾಲಿಗೆ ಇಂದು ಪರೇಟೋನ ಹೆಸರೇ ಇದೆ. ಬಹು ಗುರಿಗಳ ಸಮಸ್ಯೆಗೆ ಪ್ರಾಮಾಣಿಕ ಉತ್ತರವೆಂದರೆ ಒಂದು ಅಂಕೆಯಲ್ಲ, ಇಂಥದೊಂದು ಸಾಲು.

ಹಳೆಯ ಇಂಜಿನಿಯರುಗಳು ಈ ಸಾಲಿನ ಗೋಜಿಗೆ ಹೋಗದೆ ಗುರಿಗಳಿಗೆ ತೂಕ ಕೊಟ್ಟು ಕೂಡಿಸಿಬಿಡುತ್ತಿದ್ದರು. ವಿದ್ಯುತ್ತಿಗೆ ಇಷ್ಟು, ನೆರೆಗೆ ಇಷ್ಟು, ಮೀನಿಗೆ ಇಷ್ಟು. ಆದರೆ ಒಂದು ಮೆಗಾವಾಟ್ ಎಷ್ಟು ಬುಟ್ಟಿ ಚಿಪ್ಪಿಕಲ್ಲಿಗೆ ಸಮ? ಆ ತೂಕವನ್ನು ಇಟ್ಟವರು ಯಾರು? ಲೆಕ್ಕ ಮುಗಿದ ಮೇಲೆ ಆ ಪ್ರಶ್ನೆ ಕಾಗದದಲ್ಲಿ ಕಾಣುವುದೇ ಇಲ್ಲ. ಸಾಲದ್ದಕ್ಕೆ, ಸಾಲಿನ ಕೆಲವು ಉತ್ತರಗಳು ತೂಕವನ್ನು ಹೇಗೆ ಬದಲಿಸಿದರೂ ಈ ಕ್ರಮಕ್ಕೆ ಸಿಗುವುದಿಲ್ಲ.

ಕಾನ್ಪುರದ ಸುಧಾರಣೆ

ಜೀವವಿಕಾಸದ ಕ್ರಮಕ್ಕೆ ಇಲ್ಲೊಂದು ಸಹಜವಾದ ಅನುಕೂಲವಿದೆ. ಅದು ಒಂದು ಉತ್ತರವನ್ನು ಹಿಡಿದು ಹೋಗುವುದಿಲ್ಲ, ಒಂದು ಗದ್ದೆಯಷ್ಟು ಉತ್ತರಗಳನ್ನು ಒಟ್ಟಿಗೆ ಬೆಳೆಸುತ್ತದೆ. ಹಾಗಾದರೆ ಇಡೀ ಸಾಲನ್ನೇ ಒಂದು ಸಲಕ್ಕೆ ಪಡೆಯಬಾರದೇಕೆ? 1985ರಲ್ಲಿ ಡೇವಿಡ್ ಶಾಫರ್ ಅದನ್ನು ಮಾಡಿ ನೋಡಿದರು. ಉತ್ತರಗಳ ಗುಂಪನ್ನು ಭಾಗ ಮಾಡಿ, ಒಂದೊಂದು ಭಾಗವನ್ನು ಒಂದೊಂದು ಗುರಿಯಿಂದ ಅಳೆದರು. ಫಲ ಪೂರ್ತಿ ಸಿಗಲಿಲ್ಲ. ಬ್ಯಾಟಿಂಗ್ ಮಾತ್ರ ನೋಡಿ ಅರ್ಧ ತಂಡ, ಬೌಲಿಂಗ್ ಮಾತ್ರ ನೋಡಿ ಇನ್ನರ್ಧ ತಂಡ ಆರಿಸಿದರೆ ಆಲ್‌ರೌಂಡರುಗಳು ಹೊರಗುಳಿಯುತ್ತಾರಲ್ಲವೇ? ಹಾಗೆಯೇ ಎರಡು ತುದಿಗಳ ಪ್ರವೀಣರು ಉಳಿದು ನಡುವಿನವರು ಮಾಯವಾದರು.

1989ರಲ್ಲಿ ಹಾಲಂಡರ ಶಿಷ್ಯ ಡೇವಿಡ್ ಗೋಲ್ಡ್‌ಬರ್ಗ್ ಒಂದು ಸಲಹೆ ಕೊಟ್ಟರು: ಯಾವುದರಿಂದಲೂ ಸೋಲದ ಉತ್ತರಗಳನ್ನು ಮೊದಲ ದರ್ಜೆಯೆಂದು ತೆಗೆದಿಡಿ, ಉಳಿದವುಗಳಲ್ಲಿ ಸೋಲದವನ್ನು ಎರಡನೆಯ ದರ್ಜೆಯೆಂದು ಎಣಿಸಿ, ಹೀಗೆ ವಿಂಗಡಿಸುತ್ತಾ ಹೋಗಿ. ಈ ಸಲಹೆಯನ್ನು ಕೆಲಸಕ್ಕೆ ತಂದವರಲ್ಲಿ ಮುಖ್ಯರು ನಮ್ಮ ದೇಶದವರು. 1994ರಲ್ಲಿ ಕಾನ್ಪುರದ ಐಐಟಿಯ ಎನ್. ಶ್ರೀನಿವಾಸ್ ಮತ್ತು ಕಲ್ಯಾಣ್‌ಮಯ್ ದೇಬ್ ತಮ್ಮ ಕ್ರಮವನ್ನು ಪ್ರಕಟಿಸಿದರು. ಅದರ ಹೆಸರು ಎನ್‌ಎಸ್‌ಜಿಎ.

ಈ ಕ್ರಮಕ್ಕೆ ಮೂರು ಟೀಕೆಗಳು ಬಂದವು. ಲೆಕ್ಕ ಬಹಳ ನಿಧಾನ. ಒಂದು ಪೀಳಿಗೆಯಲ್ಲಿ ಸಿಕ್ಕ ಒಳ್ಳೆಯ ಉತ್ತರ ಮುಂದಿನ ಪೀಳಿಗೆಯಲ್ಲಿ ಕಳೆದುಹೋಗಬಹುದು. ಉತ್ತರಗಳು ಒಂದೇ ಕಡೆ ಗುಂಪುಗೂಡದಿರಲು ಬಳಕೆದಾರನೇ ಒಂದು ಅಳತೆಯನ್ನು ಊಹಿಸಿ ಕೊಡಬೇಕು. ದೇಬ್ ಈ ಟೀಕೆಗಳನ್ನು ತಳ್ಳಿಹಾಕಲಿಲ್ಲ. 2002ರಲ್ಲಿ ಪ್ರತಾಪ್, ಅಗರ್ವಾಲ್, ಮೆಯಾರಿವನ್ ಎಂಬ ಸಂಗಡಿಗರ ಜೊತೆ ಎರಡನೆಯ ಆವೃತ್ತಿಯನ್ನು ಪ್ರಕಟಿಸಿ ಮೂರಕ್ಕೂ ಉತ್ತರ ಕೊಟ್ಟರು.

ಮೊದಲನೆಯದು ವೇಗ. ನೂರು ಉತ್ತರಗಳು, ಎರಡು ಗುರಿಗಳು ಎಂದಿಟ್ಟುಕೊಳ್ಳಿ. ಹಳೆಯ ವಿಂಗಡಣೆಗೆ ಅತಿ ಕೆಟ್ಟ ಸಂದರ್ಭದಲ್ಲಿ 20 ಲಕ್ಷದ ಆಸುಪಾಸು ಹೋಲಿಕೆಗಳು ಬೇಕಾಗುತ್ತಿದ್ದವು. ಹೊಸದಕ್ಕೆ 20 ಸಾವಿರದ ಆಸುಪಾಸು ಸಾಕು. ಎರಡನೆಯದು ಉಳಿತಾಯ. ತಂದೆತಾಯಿ ಮತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅರ್ಧದಷ್ಟನ್ನು ಆರಿಸುವುದರಿಂದ ಒಳ್ಳೆಯ ಹಳಬರು ಸುಮ್ಮನೆ ಕಳೆದುಹೋಗುವುದಿಲ್ಲ. ಕಗ್ಗದ ರೈತ ಹಳೆಯ ಬೀಜವನ್ನು ಮುಡಿ ಕಟ್ಟಿ ಇಡುವಂತೆ. ಮೂರನೆಯದು ವೈವಿಧ್ಯ. ಒಂದೇ ದರ್ಜೆಯವರಲ್ಲಿ ಆರಿಸಬೇಕಾದಾಗ ಅಕ್ಕಪಕ್ಕ ಹೆಚ್ಚು ನೆಂಟರಿಲ್ಲದ ಉತ್ತರಕ್ಕೆ ಆದ್ಯತೆ. ಇದರಿಂದ ಸಾಲಿನ ತುದಿಗಳೂ ನಡುವೂ ಸಮನಾಗಿ ತುಂಬುತ್ತವೆ, ಯಾರೂ ಯಾವ ಅಳತೆಯನ್ನೂ ಊಹಿಸಿ ಕೊಡಬೇಕಾಗಿಲ್ಲ. ಇಂದು ಜಗತ್ತಿನಾದ್ಯಂತ ಇಂಜಿನಿಯರುಗಳು ಬಳಸುವ ಕ್ರಮಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದ ಒಂದು.

ಬಂಗಡೆಯ ಹಿಂಡು, ಭದ್ರೆಯ ನೀರು

ನಿಸರ್ಗದಿಂದ ಪಾಠ ಕಲಿಯುವ ಕೆಲಸ ವಂಶವಾಹಿಗಳಿಗೆ ಮುಗಿಯಲಿಲ್ಲ. 1992ರಲ್ಲಿ ಮಾರ್ಕೋ ಡೊರಿಗೋ ಇರುವೆಗಳು ದಾರಿ ಹುಡುಕುವ ಬಗೆಯನ್ನು ಲೆಕ್ಕಕ್ಕೆ ತಂದರು. 1995ರಲ್ಲಿ ಜೇಮ್ಸ್ ಕೆನಡಿ ಮತ್ತು ರಸೆಲ್ ಎಬರ್‌ಹಾರ್ಟ್ ಹಕ್ಕಿಗಳ ಹಿಂಡು, ಮೀನುಗಳ ಹಿಂಡುಗಳನ್ನು ಮಾದರಿಯಾಗಿ ಹಿಡಿದರು. ಭಟ್ಕಳದ ಕಡಲಿನಲ್ಲಿ ಬಂಗಡೆಯ ಹಿಂಡು ಹೊರಳುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಹಿಂಡಿಗೆ ನಾಯಕನಿಲ್ಲ, ಆದರೂ ಇಡೀ ಹಿಂಡು ಒಟ್ಟಾಗಿ ತಿರುಗುತ್ತದೆ. ಕೆನಡಿ ಮತ್ತು ಎಬರ್‌ಹಾರ್ಟರ ಲೆಕ್ಕದಲ್ಲಿ ಪ್ರತಿ ‘ಮೀನು’ ಒಂದು ಉತ್ತರ. ಅದು ತಾನು ಕಂಡ ಒಳ್ಳೆಯ ಜಾಗವನ್ನೂ, ಸಂಗಡಿಗರು ಕಂಡ ಒಳ್ಳೆಯ ಜಾಗವನ್ನೂ ನೆನಪಿಟ್ಟು ಮುಂದೆ ಸಾಗುತ್ತದೆ.

ಇವೆಲ್ಲ ಕಾಗದದ ಮೇಲಿನ ಆಟವೆಂದು ಭಾವಿಸಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಎಂ. ಜಂಗಾ ರೆಡ್ಡಿ ಮತ್ತು ಡಿ. ನಾಗೇಶ್ ಕುಮಾರ್ ಈ ಕ್ರಮಗಳನ್ನು ನಮ್ಮ ಭದ್ರಾ ಜಲಾಶಯಕ್ಕೆ ಅನ್ವಯಿಸಿದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನೀರಾವರಿ, ಜಲವಿದ್ಯುತ್ತು, ಅಣೆಕಟ್ಟಿನ ಕೆಳಗಿನ ಹೊಳೆಯ ನೀರಿನ ಗುಣಮಟ್ಟ ಮೂರನ್ನೂ ಪರಿಗಣಿಸಿದ್ದರು. ಮರುವರ್ಷ ಹಿಂಡಿನ ಕ್ರಮವನ್ನೇ ಸುಧಾರಿಸಿ ಅದೇ ಜಲಾಶಯಕ್ಕೆ ಬಳಸಿದರು. ಒಳ್ಳೆಯ ಉತ್ತರಗಳನ್ನು ಉಳಿಸಿಕೊಂಡು ಅವುಗಳಲ್ಲಿ ಸಣ್ಣ ಮಾರ್ಪಾಡು ಮಾಡಿ, ಕೈಲಾಗದ ಉತ್ತರಗಳ ಜಾಗಕ್ಕೆ ತರುವುದು ಆ ಸುಧಾರಣೆ. ಫಲವಾಗಿ ಜಲಾಶಯದ ಅಧಿಕಾರಿಗೆ ಸಿಕ್ಕಿದ್ದು ಒಂದು ಆಜ್ಞೆಯಲ್ಲ, ಆರಿಸಿಕೊಳ್ಳಬಹುದಾದ ನೀತಿಗಳ ಒಂದು ಸಾಲು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಇರುವೆ, ಮೀನುಗಳ ಯಶಸ್ಸನ್ನು ಕಂಡು ತೋಳ, ಬಾವಲಿ, ಕೋಗಿಲೆ ಎಂದು ಪ್ರಾಣಿಗೊಂದರಂತೆ ಹೊಸ ಕ್ರಮಗಳು ಹುಟ್ಟಿಕೊಂಡವು. ಇವುಗಳಲ್ಲಿ ಹಲವು ಹೆಸರಿನಲ್ಲಿ ಮಾತ್ರ ಹೊಸವು ಎಂದು 2015ರಲ್ಲಿ ಕೆನೆತ್ ಸೋರೆನ್ಸನ್ ಕಟುವಾಗಿಯೇ ಬರೆದರು. ಅದಕ್ಕೂ ಮೊದಲೇ, 1997ರಲ್ಲಿ, ಡೇವಿಡ್ ವೋಲ್ಪರ್ಟ್ ಮತ್ತು ವಿಲಿಯಂ ಮಕ್ರೆಡಿ ಎಲ್ಲ ಸಮಸ್ಯೆಗಳಿಗೂ ಉಳಿದೆಲ್ಲವನ್ನು ಮೀರಿಸುವ ಒಂದೇ ಕ್ರಮ ಇರಲಾರದೆಂದು ಗಣಿತದಿಂದಲೇ ತೋರಿಸಿದ್ದರು. ಗಜನಿಗೆ ಕಗ್ಗ, ಬಯಲಿಗೆ ಬೇರೆ ಭತ್ತ! ಸುಧಾರಣೆ ಎಂದರೆ ಹೊಸ ಪ್ರಾಣಿಯ ಹೆಸರಲ್ಲ. ಯಾವ ದೋಷ ಎಲ್ಲಿದೆಯೆಂದು ಗುರುತಿಸಿ ಅದನ್ನು ತಿದ್ದುವುದು, ಕಾನ್ಪುರದಲ್ಲಿ ಮಾಡಿದಂತೆ.

ಗುರಿಗಳ ಸಂಖ್ಯೆ ಹೆಚ್ಚಿದರೆ ಇನ್ನೊಂದು ತೊಡಕು. ಎರಡು ವಿಷಯಗಳ ಪರೀಕ್ಷೆಯಲ್ಲಿ ಒಬ್ಬ ಇನ್ನೊಬ್ಬನನ್ನು ಎರಡರಲ್ಲೂ ಸೋಲಿಸುವುದು ಸುಲಭ. ಹತ್ತು ವಿಷಯಗಳಿದ್ದರೆ ಪ್ರತಿಯೊಬ್ಬನೂ ಯಾವುದಾದರೊಂದರಲ್ಲಿ ಮುಂದಿರುತ್ತಾನೆ. ಎಲ್ಲರೂ ಮೊದಲ ದರ್ಜೆಯವರೇ ಆದರೆ ಆಯ್ಕೆ ಹೇಗೆ? 2014ರಲ್ಲಿ ದೇಬ್ ಮತ್ತು ಹಿಮಾಂಶು ಜೈನ್ ಇದಕ್ಕಾಗಿ ಮೂರನೆಯ ಆವೃತ್ತಿಯನ್ನು ತಂದರು. ಮೊದಲೇ ಎಲ್ಲ ದಿಕ್ಕಿಗೂ ಗೂಟಗಳನ್ನು ನೆಟ್ಟು, ಪ್ರತಿ ಗೂಟದ ಹತ್ತಿರ ಒಂದೊಂದು ಉತ್ತರವನ್ನು ಉಳಿಸಿಕೊಳ್ಳುವ ಉಪಾಯ ಅದು.

ಪಟ್ಟಿಯಲ್ಲಿ ಇಲ್ಲದ ಗುರಿ

ಈಗ ಮತ್ತೆ ನಮ್ಮ ಸೇತುವೆಗೆ ಬರೋಣ. ಶರಾವತಿಯನ್ನು ವಿದ್ಯುತ್ತಿಗೆ ಬಳಸಲು ಹೊರಟಾಗ ಈ ಯಾವ ಕ್ರಮವೂ ಇರಲಿಲ್ಲ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಮತ್ತು ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ, ಮುಂದೆ 1,035 ಮೆಗಾವಾಟ್‌ವರೆಗೆ ಬೆಳೆದ ಶರಾವತಿ ವಿದ್ಯುದಾಗಾರ, ಆಮೇಲೆ 240 ಮೆಗಾವಾಟಿನ ಗೇರುಸೊಪ್ಪೆ. ಆ ವಿದ್ಯುತ್ತಿನ ಬೆಳಕಿನಲ್ಲಿ ಓದಿ ಬೆಳೆದವರು ನಾವು. ಅದನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೆ ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿದ್ದ ಗುರಿ ವಿದ್ಯುತ್ತು. ಬೆಳಕಿಗಾಗಿ ಸಾವಿರಾರು ಕುಟುಂಬಗಳು ಮನೆಮಠ ಬಿಟ್ಟು ಎದ್ದು ಹೋಗಬೇಕಾಯಿತು.

ಇನ್ನೊಂದು ನಷ್ಟ ತಡವಾಗಿ ಕಂಡಿತು. ವಿದ್ಯುದಾಗಾರದಿಂದ ಬೇಸಗೆಯಲ್ಲೂ ಹರಿದು ಬರುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪನ್ನು ತಗ್ಗಿಸಿತು. ಅಳಿವೆಯ ಜೀವಿಗಳಿಗೆ ಉಪ್ಪು ಮತ್ತು ಸಿಹಿನೀರಿನ ಹದ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಕುಮಟೆಯಲ್ಲೇ ಒಂದು ಕ್ಷೇತ್ರ ಕೇಂದ್ರವಿದೆ. ಅಲ್ಲಿನ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ದಾಖಲಿಸಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಚಿಪ್ಪಿಕಲ್ಲು ಸಮೃದ್ಧವಾಗಿದ್ದು ಸಾವಿರಾರು ಜನರಿಗೆ ದುಡಿಮೆ ಕೊಡುತ್ತದೆ. ಶರಾವತಿಯ ಅಳಿವೆಗೆ ಆ ಭಾಗ್ಯ ಉಳಿದಿಲ್ಲ. ಯಾರೂ ದ್ವೇಷದಿಂದ ಮಾಡಿದ್ದಲ್ಲ. ಚಿಪ್ಪಿಕಲ್ಲು ಲೆಕ್ಕದ ಪಟ್ಟಿಯಲ್ಲೇ ಇರಲಿಲ್ಲ, ಅಷ್ಟೇ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಲೆಕ್ಕ ಕೊಡುವ ತೂಕ ಸೊನ್ನೆ.

ತಂಗಿಯ ಕತೆ ಬೇರೆಯಾಯಿತು. ಅಘನಾಶಿನಿಯ ದಡದ ತದಡಿಯಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಜನರು ವಿರೋಧಿಸಿದರು, ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಪ್ರಕಟವಾಯಿತು. ಆದರೂ ಗಜನಿಯಲ್ಲಿ ಕಗ್ಗದ ಗದ್ದೆಗಳು ಹಿಂದಿನಷ್ಟಿಲ್ಲ. ಕಟ್ಟೆ ಒಡೆದ ಕಡೆ, ಸಿಗಡಿ ಸಾಕಣೆ ಬಂದ ಕಡೆ ಭತ್ತ ಹಿಂದೆ ಸರಿದಿದೆ. ತಲೆಮಾರುಗಳ ಆಯ್ಕೆಯಿಂದ ದೊರೆತ ಉತ್ತರವೊಂದು ಬೀಜ ಇಡುವವರಿಲ್ಲದೆ ಕಳೆದುಹೋದರೆ ಅದನ್ನು ಮತ್ತೆ ಪಡೆಯಲು ಯಾವ ಕಂಪ್ಯೂಟರಿಗೂ ಆಗದು.

ಅಕ್ಕನ ಮುಂದೆ ಈಗ ಮತ್ತೊಂದು ಆಯ್ಕೆ ಬಂದು ನಿಂತಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಅದು. ವಿದ್ಯುತ್ತು ಮಿಗುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ತು ಪಡೆಯುವ ಉಪಾಯ. ಸೌರಶಕ್ತಿಯ ಕಾಲದಲ್ಲಿ ಇಂಥ ಸಂಗ್ರಹಕ್ಕೆ ಬೆಲೆಯಿದೆ. ಆದರೆ ಅದು ಬರುವ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಅಲ್ಲಿ ಕಾಡಿದೆ, ಕಡಿದಾದ ಗುಡ್ಡವಿದೆ, ಊರುಗಳಿವೆ. ಬೇಕು ಎನ್ನುವವರೂ ಬೇಡ ಎನ್ನುವವರೂ ತಮ್ಮ ತಮ್ಮ ಗುರಿಯನ್ನು ಮಾತ್ರ ಹಿಡಿದು ಕೂಗಿದರೆ ನಾವು 1985ರ ಶಾಫರ್ ಮಾಡಿದ ತಪ್ಪನ್ನೇ ಮಾಡಿದಂತೆ. ತುದಿಗಳು ಉಳಿಯುತ್ತವೆ, ನಡುವಿನ ಉತ್ತರಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದುದರಿಂದ ಓದುಗರೇ, ಇನ್ನು ಮುಂದೆ ಯಾರಾದರೂ ‘ಕಂಪ್ಯೂಟರ್ ಲೆಕ್ಕ ಹಾಕಿ ಇದೇ ಅತ್ಯುತ್ತಮವೆಂದು ಹೇಳಿದೆ’ ಎಂದರೆ ಬೆರಗಾಗಬೇಡಿ. ವಿನಯದಿಂದಲೇ ಮೂರು ಪ್ರಶ್ನೆ ಕೇಳಿ. ನಿಮ್ಮ ಪಟ್ಟಿಯಲ್ಲಿ ಗುರಿಗಳು ಎಷ್ಟಿದ್ದವು? ಆ ಪಟ್ಟಿಯನ್ನು ಬರೆದವರು ಯಾರು? ಸಾಲಿನಲ್ಲಿದ್ದ ಉಳಿದ ಉತ್ತರಗಳನ್ನು ನಮಗೂ ತೋರಿಸುತ್ತೀರಾ? ನೀತಿಗಳ ಸಾಲನ್ನು ಹುಡುಕುವ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ. ಪಟ್ಟಿ ಬರೆಯುವುದು ಮತ್ತು ಸಾಲಿನಿಂದ ಒಂದನ್ನು ಆರಿಸುವುದು ನಮ್ಮ ಕೆಲಸ. ಆ ಪಟ್ಟಿ ಬರೆಯುವಾಗ ಕುಮಟೆಯ ಚಿಪ್ಪಿಕಲ್ಲು ಹೆಕ್ಕುವವರನ್ನೂ, ಹೊನ್ನಾವರದ ಹೊಳೆದಂಡೆಯವರನ್ನೂ, ಭಟ್ಕಳದ ಮೀನುಗಾರರನ್ನೂ ಕರೆದು ಕೂರಿಸಿದರೆ ನಮ್ಮ ಲೆಕ್ಕ ಸುಧಾರಿಸಿತೆಂದು ಧೈರ್ಯವಾಗಿ ಹೇಳಬಹುದು.